ಮನೆಯ ನೆಮ್ಮದಿ ಯಾರ ಪಾಲಿಗೆ?

ಮನೆ ಎಂದರೇನು? ನಾಲ್ಕು ಗೋಡೆ, ಒಂದು ಸೂರು, ಒಳಗೆ ತುಂಬಿದ ಸಾಮಾನು ಎಂದು ಹೇಳಿ ಮುಗಿಸುವವರೇ ಹೆಚ್ಚು. ಪವಿತ್ರ ಕುರ್‌ಆನ್ ಮನೆಯನ್ನು ಬೇರೆಯೇ ರೀತಿಯಲ್ಲಿ ಪರಿಚಯಿಸುತ್ತದೆ. ಸೂರಃ ಅನ್ನಹ್ಲ್‌ನ 80ನೆಯ ಸೂಕ್ತದಲ್ಲಿ ಮೊದಲು ಬರುವುದು ನೆಮ್ಮದಿ: ಅಲ್ಲಾಹನು ನಿಮ್ಮ ಮನೆಗಳನ್ನು ನಿಮಗೆ ವಿಶ್ರಾಂತಿಯ ತಾಣವಾಗಿ ಮಾಡಿದನೆಂಬ ಮಾತು. ಮನೆಯ ಸಾಮಾನಿನ ಪ್ರಸ್ತಾಪ ಆಮೇಲೆ ಬರುತ್ತದೆ. ಅದೂ ಒಂದು ಅವಧಿಯವರೆಗೆ ಮಾತ್ರ ಉಪಯೋಗಕ್ಕೆ ಬರುವ ವಸ್ತುವಾಗಿ.

ಈ ಅವಧಿಯ ಅರ್ಥವನ್ನು ಕೃಷ್ಣಾ ತೀರದ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿ ದಂಡೆಯ ಹಳ್ಳಿಗಳೂ ನಿಪ್ಪಾಣಿ ಕಡೆಯ ದೂಧಗಂಗಾ, ವೇದಗಂಗಾ ತೀರದ ಊರುಗಳೂ 2019ರಲ್ಲಿ, ಮತ್ತೆ 2021ರಲ್ಲಿ ನೆರೆಯನ್ನು ಕಂಡವು. ನೀರು ಅಂಗಳಕ್ಕೆ ಬಂದಾಗ ಮನುಷ್ಯ ಏನನ್ನು ಎತ್ತಿಕೊಳ್ಳುತ್ತಾನೆ? ಮಕ್ಕಳನ್ನು, ಮುದುಕರನ್ನು, ದನಕರುಗಳನ್ನು, ಕಾಗದಪತ್ರದ ಒಂದು ಗಂಟನ್ನು. ಸಾಲ ಮಾಡಿ ತಂದ ಶೋಕೇಸು ಅಲ್ಲೇ ಉಳಿಯುತ್ತದೆ. ಸಾಮಾನು ಪಾಪವೆಂದು ಇದರ ಅರ್ಥವಲ್ಲ. ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ನೀರು ಬರುವ ಮೊದಲೇ ತಿಳಿದಿರಬೇಕು, ಅಷ್ಟೇ.

ಹಾಗಾದರೆ ಮನೆಯನ್ನು ಅಂದಗೊಳಿಸುವುದು ತಪ್ಪೇ? ಖಂಡಿತ ಅಲ್ಲ. ಶುಚಿತ್ವ ವಿಶ್ವಾಸದ ಭಾಗ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನು. ಆದರೆ ಅಂದಕ್ಕೂ ಒಂದು ಮಾನದಂಡವಿದೆ. ಹ. ಆಯಿಶಾ(ರ)ರವರ ಮನೆಯಲ್ಲಿ ಚಿತ್ರಗಳಿದ್ದ ಒಂದು ಪರದೆಯಿತ್ತು. ಅದು ನಮಾಝ್‌ನಲ್ಲಿ ತಮ್ಮ ಗಮನ ಸೆಳೆಯುತ್ತದೆಂದು ಪ್ರವಾದಿವರ್ಯರು(ಸ) ಅದನ್ನು ತೆಗೆಯಲು ಹೇಳಿದರು. ಮನಸ್ಸನ್ನು ನಿಲ್ಲಗೊಡದ ಅಲಂಕಾರ ಮನೆಗೆ ಬೇಡ ಎಂಬ ಪಾಠ ಇದರಲ್ಲಿದೆ. ಗಂಡನಿಗೊಂದು, ಹೆಂಡತಿಗೊಂದು, ಅತಿಥಿಗೊಂದು ಹಾಸಿಗೆ ಸಾಕು, ನಾಲ್ಕನೆಯದು ಶೈತಾನನ ಪಾಲು ಎಂಬ ಆಶಯದ ಹದೀಸ್ ಕೂಡ ಇದೆ. ಆಡಂಬರಕ್ಕಾಗಿ ಕೂಡಿಡುವುದನ್ನು ಅದು ಎಚ್ಚರಿಸುತ್ತದೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ನಿಮ್ಮ ಕಪಾಟಿನಲ್ಲಿ ಬಳಸದೇ ಇರುವ ಗಾಜಿನ ಸೆಟ್ಟುಗಳೆಷ್ಟು, ಟ್ರಂಕಿನಲ್ಲಿ ಮದುವೆಯಿಂದಲೂ ಮುಟ್ಟದ ಪಾತ್ರೆಗಳೆಷ್ಟು, ಒಮ್ಮೆ ಎಣಿಸಿ ನೋಡಿ.

ನೆಮ್ಮದಿಗೆ ದೊಡ್ಡ ಮನೆಯೂ ಬೇಕಿಲ್ಲ. ನಮ್ಮ ಭಾಗದ ಹಳೆಯ ಮನೆಗಳನ್ನು ನೆನೆಯಿರಿ. ಬಟ್ಟೆಗೆ ಗೂಟ, ದೀಪಕ್ಕೆ ಗೋಡೆಯ ಮಾಡ. ಹಳೆಯ ಸೀರೆಗಳಿಂದ ಹೊಲಿದ ಕೌದಿ ಬೆಳಿಗ್ಗೆ ಮಡಚಿ ಮೂಲೆ ಸೇರಿದರೆ ಮಲಗಿದ ಜಾಗವೇ ಊಟದ ಜಾಗ, ಮಕ್ಕಳ ಓದಿನ ಜಾಗ, ನಮಾಝಿನ ಜಾಗ. ವಸ್ತು ಕಡಿಮೆ, ಪ್ರತಿಯೊಂದಕ್ಕೂ ಗೊತ್ತಾದ ಸ್ಥಳ. ಆ ಮನೆಗಳ ಒಪ್ಪವೆಲ್ಲ ಇಷ್ಟರಲ್ಲೇ ಇತ್ತು. ಇಂದೂ ನಾವು ಹಾಗೆ ಮಾಡಬಹುದು. ಚಪ್ಪಲಿಗೆ ಬಾಗಿಲ ಬಳಿ ಒಂದು ಹಲಗೆ, ಪುಸ್ತಕಕ್ಕೆ ಒಂದು ಗೂಡು, ನಮಾಝಿಗೆ ಚಿತ್ರಗಳಿಲ್ಲದ ಒಂದು ಗೋಡೆಯ ಬದಿ, ಗಾಳಿ ಬೆಳಕಿಗೆ ತೆರೆದ ಒಂದು ಕಿಟಕಿ. ಇದಕ್ಕೆ ಹಣ ಬೇಕೇ?

ಆದರೆ ಎಲ್ಲ ಮನೆಗಳೂ ಒಂದೇ ತರಹ ಇರುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಮನೆಯೇ ಕಾರ್ಖಾನೆ. ಎಲೆ, ತಂಬಾಕು, ದಾರ, ಕತ್ತರಿ ಎಲ್ಲವೂ ಮಕ್ಕಳ ಪಕ್ಕದಲ್ಲೇ. ಅಂಥವರಿಗೆ ಮನೆಯನ್ನು ಕನ್ನಡಿಯಂತಿಡಿ ಎಂದು ಉಪದೇಶಿಸುವುದು ಅನ್ಯಾಯ. ಅಲ್ಲಿ ಒಪ್ಪವೆಂದರೆ ಮೊದಲು ಆರೋಗ್ಯ: ಬಾಗಿಲ ಬಳಿ ಗಾಳಿಯಾಡುವ ಒಂದು ಮೂಲೆಯನ್ನು ಕೆಲಸಕ್ಕೇ ಮೀಸಲಿಡುವುದು, ತಂಬಾಕಿನ ಡಬ್ಬಿಗೆ ಮುಚ್ಚಳ, ತೊಟ್ಟಿಲು ದೂರ, ಒಲೆಯ ಕಡೆ ಹೋಗುವ ಮೊದಲು ಕೈ ತೊಳೆಯುವುದು, ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು. ದಿನವಿಡೀ ದುಡಿದ ಆಕೆಗೆ ಇದರಲ್ಲಿ ಕೈಜೋಡಿಸುವವರು ಯಾರು?

ಪ್ರಿಯ ಓದುಗರೇ, ನಿಜವಾದ ಪ್ರಶ್ನೆ ಇದೇ. ಮನೆ ಅಚ್ಚುಕಟ್ಟಾಗಿದೆ, ಆದರೆ ಅದನ್ನು ಅಚ್ಚುಕಟ್ಟಾಗಿಸಿದವಳಿಗೆ ಅದರೊಳಗೆ ಒಂದು ಗಳಿಗೆ ಕೂರಲು ಬಿಡುವಿಲ್ಲ. ಹಾಗಾದರೆ ಆ ನೆಮ್ಮದಿ ಯಾರದು? ಕುರ್‌ಆನ್ ಹೇಳಿದ ವಿಶ್ರಾಂತಿಯ ತಾಣ ಗಂಡಸರಿಗೆ ಮಾತ್ರ ಮೀಸಲಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ತನ್ನ ಹಾಸಿಗೆಯನ್ನು ತಾನು ಮಡಚುವುದು, ಉಂಡ ತಟ್ಟೆಯನ್ನು ತಾನೇ ಎತ್ತುವುದು ಗಂಡಸಿನ ಗೌರವಕ್ಕೆ ಕುಂದಲ್ಲ. ಗಂಡುಮಕ್ಕಳಿಗೂ ಇದನ್ನು ಏಳನೆಯ ವರ್ಷದಲ್ಲಿ ನಮಾಝ್ ಕಲಿಸುವಾಗಲೇ ಕಲಿಸಿ. ಒಂದು ಲೋಟ ಜಾಗ ತಪ್ಪಿದ್ದಕ್ಕೆ ಸೊಸೆಯ ಮೇಲೆ ಕೂಗಾಡುವ ಮನೆ ಎಷ್ಟೇ ಒಪ್ಪವಾಗಿದ್ದರೂ ಶಾಂತವಲ್ಲ.

ಇಂದು ಇಶಾ ನಮಾಝ್‌ನ ನಂತರ ಮನೆಮಂದಿಯೆಲ್ಲ ಸೇರಿ ಒಂದೇ ಒಂದು ಮೂಲೆಯನ್ನು ಸರಿಪಡಿಸಿ. ಬಳಸುವುದಕ್ಕೆ ಜಾಗ ಕೊಡಿ. ಬಳಸದಿರುವುದು ಇನ್ನೂ ಚೆನ್ನಾಗಿರುವಾಗಲೇ ಅದರ ಅಗತ್ಯವಿರುವವರಿಗೆ ತಲುಪಿಸಿ. ಅಲ್ಲಾಹನು ನಮ್ಮ ಮನೆಗಳನ್ನು ಅವುಗಳಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ನೆಮ್ಮದಿಯ ತಾಣವಾಗಿ ಮಾಡಲಿ. ಆಮೀನ್.