ನಷ್ಟವನ್ನು ತುಂಬತಕ್ಕವರು ಯಾರು?

ಬೇಕೆಂದು ಮಾಡದ ಕೇಡಿಗೆ ಮನುಷ್ಯನು ಹೊಣೆಯಾಗಬೇಕೆ? ಈ ಪ್ರಶ್ನೆಯು ನ್ಯಾಯಾಸ್ಥಾನದಲ್ಲಿ ಏಳುವುದಕ್ಕೆ ಮೊದಲು ಹೊಲದ ಬದುವಿನ ಮೇಲೆಯೇ ಏಳುತ್ತದೆ. ನಮ್ಮ ಶಿಗ್ಗಾಂವಿ ಸೀಮೆಯಲ್ಲಿ ಒಬ್ಬನ ಎಮ್ಮೆಯು ರಾತ್ರಿ ಹಗ್ಗ ಹರಿದುಕೊಂಡು ಹೋಗಿ ನೆರೆಯವನ ಗೋವಿನಜೋಳವನ್ನು ಮೇಯ್ದಿತೆನ್ನೋಣ. ಬೆಳಗಾದ ಮೇಲೆ ಎಮ್ಮೆಯ ಒಡೆಯನು, “ಅಣ್ಣಾ, ನಾನೇನು ಬೇಕಂತ ಬಿಟ್ಟೇನು?” ಎನ್ನುತ್ತಾನೆ. ಹೊಲದವನು, “ನೀ ಬಿಟ್ಟಿಲ್ಲ ಖರೆ, ತಮ್ಮಾ, ನನ್ನ ಬೆಳಿ ಹೋಗಿದ್ದೂ ಖರೆ” ಎನ್ನುತ್ತಾನೆ. ಇಬ್ಬರ ಮಾತೂ ದಿಟವೇ. ಇಬ್ಬರೂ ದಿಟವನ್ನೇ ನುಡಿಯುತ್ತಿರುವಲ್ಲಿ ನ್ಯಾಯವನ್ನು ಹೇಳುವುದೆಂತು?

ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ನಮ್ಮ ನಾಡಿನಲ್ಲಿಯೇ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ವಿಷಯವನ್ನು ಸ್ವಾಮಿಪಾಲವಿವಾದವೆಂಬ ಪ್ರಕರಣದಲ್ಲಿ ವಿಚಾರಿಸಿದ್ದಾನೆ. ಬೆಳೆಯನ್ನು ಕೆಡಿಸಿದ ಎಮ್ಮೆಗೆ ಎಂಟು ಮಾಷ ದಂಡ, ಹಸುವಿಗೆ ಅದರರ್ಧ, ಆಡುಕುರಿಗಳಿಗೆ ಮತ್ತೂ ಅರ್ಧವೆಂದು ಸ್ಮೃತಿಯ ನಿರ್ಣಯ. ಈ ದಂಡವು ರಾಜನಿಗೆ ಸಲ್ಲತಕ್ಕದ್ದು. ಆದರೆ ಸ್ಮೃತಿಕಾರನು ಇಷ್ಟಕ್ಕೆ ಸುಮ್ಮನಾಗಲಿಲ್ಲ. ಎಷ್ಟು ಬೆಳೆ ನಾಶವಾಯಿತೋ ಅಷ್ಟರ ಫಲವು ಹೊಲದ ಒಡೆಯನಿಗೆ ಬೇರೆಯಾಗಿಯೇ ಸಲ್ಲಬೇಕೆಂದು ವಿಧಿಸಿದನು. ದಂಡವು ಮಾಡಿದವನ ದೋಷವನ್ನು ನೋಡುತ್ತದೆ. ಭರ್ತಿಯು ಕಳೆದುಕೊಂಡವನ ನಷ್ಟವನ್ನು ನೋಡುತ್ತದೆ. ಬೇಕೆಂದು ಮಾಡಿದನೋ ಇಲ್ಲವೋ ಎಂಬ ವಿಚಾರವು ಮೊದಲನೆಯದರಲ್ಲಿ ಪ್ರಧಾನ, ಎರಡನೆಯದರಲ್ಲಿ ಗೌಣ. ಇಂಗ್ಲಿಷರು 1871ರಲ್ಲಿ ಮಾಡಿದ ದನಗಳ ಅತಿಕ್ರಮಣದ ಕಾಯಿದೆಯಲ್ಲಿಯೂ ಈ ಭೇದವೇ ಕಾಣುತ್ತದೆ. ಕೊಂಡವಾಡಕ್ಕೆ ಹೊಡೆದ ದನದ ದಂಡವು ಬೇರೆ. ಬೆಳೆ ಕಳಕೊಂಡವನು ನಷ್ಟಕ್ಕಾಗಿ ದಿವಾಣಿ ದಾವೆ ಹೂಡುವ ಹಕ್ಕು ಬೇರೆ.

ಹಾಗಾದರೆ ನಿರಪರಾಧಿಯ ಮೇಲೆ ಭಾರವನ್ನು ಹೊರಿಸಿದಂತಾಗಲಿಲ್ಲವೆ ಎಂದು ವಾಚಕರು ಕೇಳಬಹುದು. ಸ್ಮೃತಿಯಲ್ಲಿ ಇದಕ್ಕೆ ಸಮಾಧಾನವುಂಟು. ದಾರಿಯ ಮಗ್ಗುಲಲ್ಲಿ, ಊರ ಅಂಚಿನಲ್ಲಿ, ಬೇಲಿಯಿಲ್ಲದ ಹೊಲಕ್ಕೆ ದನವು ತಾನಾಗಿ ಹೊಕ್ಕರೆ ದೋಷವಿಲ್ಲ. ಬೇಕೆಂದು ಹೊಗಿಸಿದವನಿಗಾದರೋ ಕಳ್ಳನ ಶಿಕ್ಷೆ. ವೃಷೋತ್ಸರ್ಗದಲ್ಲಿ ಬಿಟ್ಟ ಗೂಳಿಯನ್ನೂ, ಆಗತಾನೆ ಈದ ಹಸುವನ್ನೂ ಹಿಡಿಯಲಾಗದು. ಇದರಿಂದ ತಿಳಿಯುವುದೇನು? ಹೊಣೆಯು ಕೇಡನ್ನು ಹಿಂಬಾಲಿಸುವುದಿಲ್ಲ, ಕಾಯಬಲ್ಲ ಶಕ್ತಿಯನ್ನು ಹಿಂಬಾಲಿಸುತ್ತದೆ. ನಮ್ಮ ಎಮ್ಮೆಯ ಹಗ್ಗವು ಜೀರ್ಣವಾಗಿತ್ತೆಂಬುದನ್ನು ಒಡೆಯನು ನೋಡಬಹುದಾಗಿತ್ತು, ಹೊಲದವನು ನೋಡುವಂತಿರಲಿಲ್ಲ.

1932ರಲ್ಲಿ ಇಂಗ್ಲೆಂಡದ ಪ್ರಭುಸಭೆಯು, ಪಾನೀಯದ ಶೀಶೆಯಲ್ಲಿ ಸತ್ತ ಬಸವನಹುಳು ಇದ್ದಿತೆಂಬ ಮೊಕದ್ದಮೆಯಲ್ಲಿ, ನಮ್ಮ ಕೆಲಸದಿಂದ ಯಾರಿಗೆ ಬಾಧೆಯಾದೀತೆಂದು ಊಹಿಸಬಲ್ಲೆವೋ ಅವರೆಲ್ಲರೂ ನಮ್ಮ ನೆರೆಯವರೇ ಎಂಬ ತತ್ತ್ವವನ್ನು ಹೇಳಿತು. 1985ರ ದಶಂಬರದಲ್ಲಿ ದಿಲ್ಲಿಯ ಕಾರಖಾನೆಯೊಂದರಿಂದ ವಿಷವಾಯು ಸೋರಿದಾಗ ನಮ್ಮ ಸರ್ವೋಚ್ಚ ನ್ಯಾಯಾಲಯವು ಮರುವರುಷ ಇನ್ನೂ ಮುಂದೆ ಹೋಯಿತು. ಅಪಾಯದ ಉದ್ಯಮವನ್ನು ಲಾಭಕ್ಕಾಗಿ ನಡೆಯಿಸುವವನು, ಎಷ್ಟು ಎಚ್ಚರವಹಿಸಿದ್ದೆನೆಂದು ಹೇಳಿದರೂ ಹೊಣೆಯಿಂದ ಬಿಡುಗಡೆ ಹೊಂದಲಾರನೆಂದು ತೀರ್ಪಿತ್ತಿತು. ಲಾಭವು ಒಬ್ಬನಿಗೆ, ಅಪಾಯವು ಊರಿಗೆ ಎಂಬುದು ನ್ಯಾಯವಾಗಲಾರದಷ್ಟೆ.

ಸ್ಮೃತಿಯ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆನು. ದನದ ಒಡೆಯನಿಗೆ ಹಣದ ದಂಡ, ಕಾಯುವವನಿಗೆ ಪೆಟ್ಟು ಎಂದು ಅದು ಹೇಳುತ್ತದೆ. ಸಂಬಳದ ಹುಡುಗನ ಬೆನ್ನಿನ ಮೇಲೆ ಬಿದ್ದ ಪೆಟ್ಟಿನಿಂದ ಹೊಲದವನ ಒಂದು ತೆನೆಯೂ ಮರಳುವುದಿಲ್ಲ. ಚಾಕರಿಯ ಕೆಲಸದಲ್ಲಿ ಆಳು ಮಾಡಿದ ತಪ್ಪಿಗೆ ಧಣಿಯೇ ನಷ್ಟವನ್ನು ತುಂಬಬೇಕೆಂಬ ಈಗಿನ ನಿಯಮವು ಇಲ್ಲಿ ಹೆಚ್ಚು ಧರ್ಮಸಮ್ಮತವಾಗಿದೆ.

ಹಣ ಕೊಟ್ಟ ಮಾತ್ರಕ್ಕೆ ಎಲ್ಲವೂ ತೀರಿತೆಂದಲ್ಲ. ನೀರು ಬಾರದ ಕೊಳವೆಬಾವಿಯ ಬಾಯನ್ನು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಕೂಸಿನ ತಾಯಿಗೆ ಯಾವ ಭರ್ತಿಯನ್ನು ಕೊಟ್ಟಾನು? ಅದಕ್ಕಾಗಿಯೇ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಅಂಥ ಬಾವಿಗಳನ್ನು ಮುಚ್ಚಿಸುವ ಕ್ರಮಗಳನ್ನು ವಿಧಿಸಿತು. ತುಂಬಲಾರದ ನಷ್ಟವಿರುವಲ್ಲಿ ಮುನ್ನೆಚ್ಚರವೊಂದೇ ಭರ್ತಿ. ತುಂಬಬಹುದಾದ ನಷ್ಟವಿರುವಲ್ಲಿಯಾದರೋ, “ಬೇಕಂತ ಮಾಡಲಿಲ್ಲ” ಎಂಬ ಮಾತಿನೊಡನೆ ಜೋಳದ ಚೀಲವನ್ನೂ ಹೊತ್ತುಕೊಂಡು ನೆರೆಯವನ ಮನೆಗೆ ಹೋಗತಕ್ಕದ್ದು. ಪಶ್ಚಾತ್ತಾಪವು ನಮ್ಮ ಮನಸ್ಸನ್ನು ತೊಳೆದೀತು. ಅವನ ಹಗೇವನ್ನು ತುಂಬಲಾರದು.