ಕೊಟ್ಟ ದೀಪ, ಕೊಂಡ ದೀಪ

ಕೊಚ್ಚಿಯಲ್ಲಿ ನೆಲೆಸಿರುವ ನಮಗೆ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣ ಒಂದು ಹೆಮ್ಮೆಯ ವಿಷಯ. 2015ರ ಆಗಸ್ಟಿನಲ್ಲಿ ಅದು ಪೂರ್ತಿಯಾಗಿ ಸೌರಶಕ್ತಿಯಿಂದಲೇ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವೆನಿಸಿತು. ಊರಿನಿಂದ ಬಂದ ನೆಂಟರಿಗೆ ಆ ಫಲಕಗಳ ಸಾಲನ್ನು ತೋರಿಸಿ ನಾವು ಬೀಗುವುದುಂಟು. ತಿರುವನಂತಪುರದಲ್ಲಿರುವ ನಮ್ಮ ಬಂಧುಗಳೂ ತಾರಸಿಯ ಮೇಲೆ ಫಲಕ ಹಾಕಿಸಿದ್ದಾರೆ. ಆದರೆ ಆ ಫಲಕಗಳನ್ನು ಕಂಡಾಗಲೆಲ್ಲ ಹಳೆಯದೊಂದು ಪ್ರಸಂಗ ನಮ್ಮ ಮನಸ್ಸನ್ನು ಚುಚ್ಚುತ್ತದೆ.

ಕೆಲವು ವರ್ಷಗಳ ಹಿಂದೆ ನಾಲ್ಕಾರು ಮನೆಯವರು ಸೇರಿ ಹಣ ಕೂಡಿಸಿ, ನಮ್ಮೂರ ಕಡೆ ಘಟ್ಟದ ಬುಡದಲ್ಲಿ ವಿದ್ಯುತ್ ಕಂಬ ಕಾಣದ ಹತ್ತು ಗುಡಿಸಲುಗಳಿಗೆ ಸೌರದೀಪ ಹಂಚಿದೆವು. ಮಕ್ಕಳು ಓದಲಿ, ಹೆಂಗಸರು ಸೀಮೆಎಣ್ಣೆಯ ಹೊಗೆ ಕುಡಿಯದೆ ಬೀಡಿ ಕಟ್ಟಲಿ ಎಂಬುದು ನಮ್ಮ ಆಸೆ. ಎರಡು ವರ್ಷ ಬಿಟ್ಟು ಹೋದರೆ ದೀಪ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಚಿಮಣಿ ಬುಡ್ಡಿ ಮತ್ತೆ ಉರಿಯುತ್ತಿತ್ತು. ಬ್ಯಾಟರಿ ಸತ್ತಿತ್ತು. ತಿಳಿಸಬಾರದಿತ್ತೇ ಎಂದು ಕೇಳಿದೆವು. ಆ ಮನೆಯ ಮುದುಕಿ ತಲೆ ತಗ್ಗಿಸಿ, "ಧರ್ಮಕ್ಕೆ ಕೊಟ್ಟಿದ್ದನ್ನು ಕೆಟ್ಟಿತು ಅಂತ ಹೇಳೋದು ಹ್ಯಾಗೆ ಅಯ್ಯಾ?" ಎಂದಳು.

ಹಾಗಾದರೆ ಬಡವನಿಗೆ ಬೆಳಕನ್ನು ಕೊಡಬೇಕೇ, ಮಾರಬೇಕೇ?

ಮಾರಬೇಕೆಂದು ಕರ್ನಾಟಕದಲ್ಲೇ ಒಬ್ಬರು ನಡೆದು ತೋರಿಸಿದ್ದಾರೆ. ಹರೀಶ್ ಹಂದೆಯವರು ಸ್ಥಾಪಕರಲ್ಲೊಬ್ಬರಾಗಿ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಬಡವರಿಗೆ ದೀಪವನ್ನು ದಾನ ಮಾಡಲಿಲ್ಲ. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಮಾರಿತು. ಸೀಮೆಎಣ್ಣೆಗೆ ಹೋಗುತ್ತಿದ್ದ ಹಣ ಕಂತಿಗೆ ತಿರುಗಿತು. ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಜನರಿದ್ದರು. ಈ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಆದರೂ ಇಲ್ಲೊಂದು ತೊಡಕಿದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತಾರಸಿಯುಳ್ಳ ಮನೆಗೆ 78,000 ರೂಪಾಯಿಯವರೆಗೆ ಸಹಾಯಧನವುಂಟು. ನಾವು ಪಡೆದರೆ ಅದು ಪ್ರೋತ್ಸಾಹ. ಗುಡಿಸಲಿನವನು ಪಡೆದರೆ ಅದು ದಾನವೇ? ನಾವು ಸಹಾಯಧನ ಪಡೆಯುತ್ತ, ಅವನು ಮಾತ್ರ ಪೂರ್ತಿ ಬೆಲೆ ತೆತ್ತು ಸ್ವಾಭಿಮಾನ ಕಲಿಯಲಿ ಎನ್ನುವುದು ನ್ಯಾಯವಲ್ಲ. ಜಾಮೀನು ನಿಲ್ಲುವವರಿಲ್ಲದ ಕಡುಬಡವನಿಗೆ ಸಾಲವೂ ಸುಲಭವಲ್ಲ.

ಯೋಚಿಸಿದರೆ, ಇಲ್ಲಿ ಮುಖ್ಯವಾದುದು ಬೆಲೆಯಲ್ಲ, ಕೇಳುವ ಹಕ್ಕು. ಸಹಾಯಧನದಿಂದ ಬಂದ ನಮ್ಮ ಫಲಕ ಕೆಟ್ಟರೆ ನಾವು ಫೋನು ಮಾಡಿ ಗದರುತ್ತೇವೆ. ಆ ಮುದುಕಿಗೆ ಗದರಲು ಯಾರೂ ಇರಲಿಲ್ಲ. ನಾವು ದೀಪವನ್ನು ಕೊಟ್ಟೆವು, ಹಕ್ಕನ್ನು ಕೊಡಲಿಲ್ಲ. ಬದಲಿಗೆ ಋಣದ ಭಾರ ಹೊರಿಸಿ ಬಂದೆವು.

ಈಗ ಎಲ್ಲೆಡೆ ಕರೆಂಟು ಬಂದಿದೆಯಲ್ಲ ಎನ್ನಬಹುದು. ಕೇರಳ 2017ರಲ್ಲೇ ಸಂಪೂರ್ಣ ವಿದ್ಯುದೀಕರಣವನ್ನು ಘೋಷಿಸಿತು. ಆದರೆ ತಂತಿ ಬಂದ ಮಾತ್ರಕ್ಕೆ ಬೆಳಕು ಬಂದಂತಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ಕಾಡಂಚಿನ ಮನೆಗಳು ದಿನಗಟ್ಟಲೆ ಕತ್ತಲಲ್ಲಿರುವುದನ್ನು ಊರಿಗೆ ಹೋದಾಗ ನಾವೇ ಕಾಣುತ್ತೇವೆ.

ಆದ್ದರಿಂದ ಮುಂದಿನ ಸಲ ಹಣ ಕೂಡಿಸಿದಾಗ ದೀಪ ಹಂಚಿ ಫೋಟೋ ತೆಗೆಸಿಕೊಳ್ಳುವುದು ಬೇಡ. ಸಾಲಕ್ಕೆ ಬೇಕಾದ ಮೊದಲ ಹಣವನ್ನು ನಾವು ತುಂಬೋಣ. ರಿಪೇರಿಗೂ ಹೊಸ ಬ್ಯಾಟರಿಗೂ ಒಂದು ಪಾಲು ತೆಗೆದಿಡೋಣ. ಕಂತು ಅವರೇ ಕಟ್ಟಲಿ. ದೀಪ ಕೆಟ್ಟ ದಿನ ನಮ್ಮನ್ನೂ ಸೇರಿಸಿ ಯಾರನ್ನಾದರೂ ಗಟ್ಟಿಯಾಗಿ ಕೇಳಲಿ. ಆ ದನಿ ನಮಗೆ ಕಟುವಾಗಿ ಕೇಳಿಸಿದರೂ, ತಲೆ ತಗ್ಗಿಸಿದ ಆ ಮುದುಕಿಯ ಮಾತಿಗಿಂತ ಅದೇ ಮೇಲು.