ಮೊದಲು ವಿಶ್ವಾಸವೋ, ಮೊದಲು ವ್ಯವಹಾರವೋ?

ಏಳನೆಯ ಇಯತ್ತೆಯಲ್ಲಿ ಸಾರ್ಕ್ ಸಂಘದ ವಿಷಯವಾಗಿ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬನು ಎದ್ದು ನಿಂತು, “ಗುರುಗಳ, ಮೊದಲ ಜಗಳ ತೀರಬೇಕಲ್ರಿ? ಮನಸ್ಸ ಕೂಡದಿದ್ರ ವ್ಯಾಪಾರ ಹ್ಯಾಂಗ ಕೂಡ್ತದ್ರಿ?” ಎಂದು ಕೇಳಿದನು. ತಾಸು ಮುಗಿಯುತ್ತ ಬಂದಿತ್ತು. ಏನೋ ಒಂದು ಉತ್ತರ ಹೇಳಿ ಅವನನ್ನು ಕುಳ್ಳಿರಿಸಿದೆನು. ಆ ಉತ್ತರ ನನಗೇ ಒಪ್ಪಿಗೆಯಾಗಿರಲಿಲ್ಲ. ನಂಬಿಕೆಯಿಲ್ಲದ ನೆರೆಯವನೊಡನೆ ಕೊಡುಕೊಳ್ಳುವುದು ಕಪಟವೇ, ಧರ್ಮವೇ ಎಂಬುದೇ ಅವನ ಪ್ರಶ್ನೆಯ ತಿರುಳು. ಅದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯನ್ನು ಉಜ್ಜಿ ನೋಡಲು ಫ್ರಾನ್ಸ್ ಮತ್ತು ಜರ್ಮನಿಗಳ ಹಗೆತನಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತೋರದು. ಅವೆರಡರ ನಡುವಿನ ಆಲ್ಸಾಸ್ ಪ್ರಾಂತವನ್ನು ನೆನೆಯಿರಿ. 1865ರಲ್ಲಿ ಅಲ್ಲಿ ಫ್ರೆಂಚ್ ಪ್ರಜೆಯಾಗಿ ಹುಟ್ಟಿ ಎಂಬತ್ತು ವರ್ಷ ಬಾಳಿದ ರೈತನೊಬ್ಬನು 1871ರಲ್ಲಿ ಜರ್ಮನನಾದನು, ಮೊದಲನೆಯ ಮಹಾಯುದ್ಧದ ತರುವಾಯ ಫ್ರೆಂಚನಾದನು, 1940ರಲ್ಲಿ ಮರಳಿ ಜರ್ಮನರ ಕೈಕೆಳಗೆ ಬಿದ್ದನು, ಎರಡನೆಯ ಯುದ್ಧ ಮುಗಿದಾಗ ಪುನಃ ಫ್ರೆಂಚನಾದನು. ಅವನು ಮನೆ ಬಿಟ್ಟು ಕದಲಿದವನಲ್ಲ. ಗಡಿಯೇ ಅವನ ಹೊಸ್ತಿಲನ್ನು ನಾಲ್ಕು ಸಲ ದಾಟಿತು. ಗಡಿಯೊಡನೆ ಶಾಲೆಯ ಭಾಷೆಯೂ ಬದಲಾಯಿತು. ನಮ್ಮದು ರಾಜ್ಯದ ಗಡಿ, ಅವರದು ರಕ್ತ ಹರಿದ ರಾಷ್ಟ್ರಗಳ ಗಡಿ; ಹೋಲಿಕೆ ಸಲ್ಲದು. ಆದರೂ ಗಡಿನಾಡಿನ ಅಧ್ಯಾಪಕನಿಗೆ ಆ ಮಕ್ಕಳ ಪಾಟಿ ಕಣ್ಣ ಮುಂದೆ ಬಾರದೆ ಇರದು.

ಇಂಥ ಎರಡು ರಾಷ್ಟ್ರಗಳು ಮೊದಲು ಪ್ರೀತಿ, ಆಮೇಲೆ ವ್ಯವಹಾರ ಎಂದು ಹಟ ಹಿಡಿದಿದ್ದರೆ ಎಷ್ಟು ತಲೆಮಾರುಗಳು ಕಾಯಬೇಕಾಗುತ್ತಿತ್ತೋ! 1950ರ ಮೇ 9ರಂದು, ಯುದ್ಧ ನಿಂತು ಬರಿಯ ಐದು ವರ್ಷಗಳಾಗಿದ್ದಾಗ, ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬೆರ್ ಶೂಮನ್ನರು ಒಂದು ಸಲಹೆಯನ್ನು ಮುಂದಿಟ್ಟರು. ಲಕ್ಸೆಂಬರ್ಗಿನಲ್ಲಿ ಜರ್ಮನ್ ಪ್ರಜೆಯಾಗಿಯೇ ಹುಟ್ಟಿ, ಮೊದಲ ಯುದ್ಧದ ನಂತರ ಫ್ರೆಂಚರಾದವರು ಅವರು. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಇಬ್ಬರಿಗೂ ಮೇಲಾದ ಒಂದು ಅಧಿಕಾರಮಂಡಲಕ್ಕೆ ಒಪ್ಪಿಸಬೇಕು, ಇಷ್ಟವಿದ್ದ ಇತರರೂ ಬಂದು ಸೇರಬಹುದು, ಎಂಬುದು ಆ ಸಲಹೆ. ಇವೆರಡನ್ನೇ ಆರಿಸಿದ್ದೇಕೆ? ರೂರ್ ಸೀಮೆಯ ಕಲ್ಲಿದ್ದಲೂ ಲೋರೇನಿನ ಕಬ್ಬಿಣದ ಅದಿರೂ ಸೇರಿದರೆ ಉಕ್ಕು. ಉಕ್ಕು ಸೇರಿದಲ್ಲಿ ತೋಪು. 1951ರ ಏಪ್ರಿಲ್ 18ರಂದು ಪ್ಯಾರಿಸಿನಲ್ಲಿ ಆರು ದೇಶಗಳು ಒಡಂಬಡಿಕೆಗೆ ಸಹಿ ಹಾಕಿದವು: ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. ಮಂಡಲದ ಒಂಬತ್ತು ಮಂದಿ ಸದಸ್ಯರು ತಮ್ಮ ತಮ್ಮ ಸರಕಾರಗಳಿಂದ ಅಪ್ಪಣೆ ಪಡೆಯಕೂಡದೆಂಬ ನಿಯಮವಾಯಿತು. ಐವತ್ತು ವರ್ಷಗಳ ಆ ಒಡಂಬಡಿಕೆಯ ಅವಧಿ 2002ರಲ್ಲಿ ತೀರಿತು. ಅದರ ತಳಹದಿಯ ಮೇಲೆ ಎದ್ದ ಐರೋಪ್ಯ ಒಕ್ಕೂಟ ಉಳಿದಿದೆ. ಆ ಆರರ ನಡುವೆ ಮತ್ತೆ ಯುದ್ಧವಾಗಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಯಾರೂ ಯಾರನ್ನೂ ನಂಬಿ ಈ ಕೆಲಸಕ್ಕೆ ಕೈಹಾಕಲಿಲ್ಲ. ನಂಬಿಕೆ ಇರಲಿಲ್ಲವೆಂಬುದರಿಂದಲೇ ಈ ಏರ್ಪಾಡು ಬೇಕಾಯಿತು. ನೆರೆಯವನಿಗೆ ಕೇಡು ಮಾಡಬಲ್ಲ ಆಯುಧ ಯಾವುದೋ ಅದನ್ನೇ ಪ್ರತಿಯೊಬ್ಬನೂ ತಂದು ನಡುಮನೆಯಲ್ಲಿ ಇಟ್ಟನು. ಉಡುಗೊರೆ ಕೊಡುವುದು ಸುಲಭ. ನೋಯಿಸುವ ಶಕ್ತಿಯನ್ನು ಬಿಟ್ಟುಕೊಡುವುದು ಬಲು ಕಠಿಣ.

ಹಾಗೆಂದು ಯುರೋಪನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಸಮುದಾಯ ನಡೆಯುತ್ತಿದ್ದ ಕಾಲದಲ್ಲಿಯೇ, 1956ರ ಆಗಸ್ಟ್ 8ರಂದು, ಬೆಲ್ಜಿಯಮ್ಮಿನ ಮಾರ್ಸಿನೆಲ್ ಗಣಿಗೆ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಜನ ಹೊಟ್ಟೆಪಾಡಿಗಾಗಿ ಬಂದಿದ್ದ ಇಟಲಿಯವರು. ದೇಶದೇಶಗಳು ಕೈಕುಲುಕುವಾಗ ಅದರ ಭಾರವನ್ನು ನೆಲದೊಳಗೆ ಹೊರುವವರು ಯಾರೆಂಬುದನ್ನು ಮರೆಯಲಾಗದು.

ಇನ್ನು ನಮ್ಮ ಮನೆಯ ಕಡೆಗೆ ಬರೋಣ. ಸಾರ್ಕ್ 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ರಾಷ್ಟ್ರಗಳಿಂದ ಹುಟ್ಟಿತು. 2007ರಲ್ಲಿ ಅಫಘಾನಿಸ್ತಾನವು ಎಂಟನೆಯದಾಯಿತು. ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಆಗಬೇಕು, ಇಬ್ಬರ ನಡುವಿನ ವ್ಯಾಜ್ಯಗಳನ್ನು ಚರ್ಚೆಗೆ ತರಬಾರದು ಎಂದು ಅದರ ಸನದಿನಲ್ಲಿಯೇ ಬರೆದಿದೆ. ಜಾಣತನದ ನಿಯಮವೇ. ಆದರೆ ಜಗಳವನ್ನು ಬಾಗಿಲಾಚೆ ಬಿಟ್ಟು ಬಂದವರು ಆಯುಧವನ್ನು ಮಾತ್ರ ಸೊಂಟದಲ್ಲಿಯೇ ಇಟ್ಟುಕೊಂಡು ಬಂದರು. 1987ರಲ್ಲಿ ಬರಗಾಲ, ನೆರೆಹಾವಳಿಗಳಿಗೆಂದು ಎರಡು ಲಕ್ಷ ಟನ್ನುಗಳ ಸಾಮೂಹಿಕ ಧಾನ್ಯ ನಿಧಿಯೊಂದನ್ನು ಕಟ್ಟಲು ಒಪ್ಪಿದರು. ಪ್ರತಿಯೊಂದು ದೇಶದ ಪಾಲೂ ಆಯಾ ದೇಶದ ಉಗ್ರಾಣದಲ್ಲಿ, ಅದರದೇ ಸೊತ್ತಾಗಿ ಇರಬೇಕೆಂಬುದು ಕರಾರು. ಹೆಸರು ಎಲ್ಲರದು, ಬೀಗದಕೈ ಅವರವರದು. ಮುಕ್ತ ವ್ಯಾಪಾರದ ಒಪ್ಪಂದ 2006ರಲ್ಲಿ ಜಾರಿಗೆ ಬಂದಿತು. ಆದರೂ ಈ ದೇಶಗಳ ಪರಸ್ಪರ ವ್ಯಾಪಾರವು ಅವುಗಳ ಒಟ್ಟು ವ್ಯಾಪಾರದಲ್ಲಿ ನೂರಕ್ಕೆ ಐದರ ಆಸುಪಾಸಿನಲ್ಲಿಯೇ ನಿಂತಿತು. 2014ರಲ್ಲಿ ಕಾಠಮಂಡುವಿನಲ್ಲಿ ಶೃಂಗಸಭೆ ಸೇರಿತ್ತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾಗಿದ್ದುದು ಉರಿಯ ಸೈನ್ಯದ ಠಾಣೆಯ ಮೇಲಿನ ದಾಳಿಯ ತರುವಾಯ ಸೇರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಯುರೋಪಿನಲ್ಲಿ ಫ್ರಾನ್ಸ್, ಜರ್ಮನಿಗಳು ಜೋಡಿಯ ಎತ್ತುಗಳು. ಇಲ್ಲಿ ಭಾರತವೊಂದೇ ಉಳಿದೆಲ್ಲರನ್ನೂ ಕೂಡಿಸಿದರೂ ದೊಡ್ಡದು. ದೊಡ್ಡವನ ಧರ್ಮ ಬೇರೆ. ನಮ್ಮ ಮದುವೆಗಳಲ್ಲಿ ಮುಯ್ಯಿಯ ಲೆಕ್ಕ ಬರೆದಿಡುತ್ತೇವೆ. ಅವರು ಕೊಟ್ಟಷ್ಟನ್ನು ನಾವು ಮರಳಿಸಬೇಕು. ಹಗೆ ತೀರಿಸುವುದಕ್ಕೂ ಕನ್ನಡದಲ್ಲಿ ಮುಯ್ಯಿ ತೀರಿಸುವುದೆಂದೇ ಹೆಸರು. ಎರಡಕ್ಕೂ ಒಂದೇ ಶಬ್ದವಾದುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ: ತೂಗಿ ತೂಗಿ ಕೊಡುವವನು ತೂಗಿ ತೂಗಿ ಹೊಡೆಯಲೂ ಬಲ್ಲನು. 1996ರಲ್ಲಿ ವಿದೇಶಾಂಗ ಮಂತ್ರಿಗಳಾಗಿದ್ದ ಇಂದರ್ ಕುಮಾರ್ ಗುಜ್ರಾಲರು ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗಳಿಂದ ಭಾರತವು ಮುಯ್ಯಿ ಬಯಸಬಾರದೆಂಬ ನೀತಿಯನ್ನು ಸಾರಿದರು. ಅದೇ ವರ್ಷದ ಡಿಸೆಂಬರ್ 12ರಂದು, ನಮ್ಮ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದಾಗ, ಗಂಗಾನದಿಯ ನೀರಿನ ಹಂಚಿಕೆಗಾಗಿ ಬಾಂಗ್ಲಾದೇಶದೊಡನೆ ಮೂವತ್ತು ವರ್ಷಗಳ ಒಪ್ಪಂದವಾಯಿತು. ಫರಕ್ಕಾದ ಅಣೆಕಟ್ಟಿನ ಬಾಗಿಲು ಭಾರತದ ಕೈಯಲ್ಲಿದೆ. ಆ ಕೈಗೆ ಭಾರತ ತಾನಾಗಿಯೇ ಕಟ್ಟು ಹಾಕಿಕೊಂಡಿತು. ಶೂಮನ್ನರ ಕಲ್ಲಿದ್ದಲಿಗೆ ಸಮೀಪವಾದುದು ನಮ್ಮಲ್ಲಿ ಏನಾದರೂ ನಡೆದಿದ್ದರೆ ಇದೇ ಎಂದು ನನಗನಿಸುತ್ತದೆ.

ಬೆಸೆದ ವ್ಯವಹಾರವು ಉರುಳಾಗುವುದೂ ಉಂಟು. 2015ರಲ್ಲಿ ಸಮುದ್ರ ಕಾಣದ ನೇಪಾಳಕ್ಕೆ ಗಡಿಯಿಂದ ಸರಕು ಹೋಗುವುದು ತಿಂಗಳುಗಟ್ಟಲೆ ಕುಂಠಿತವಾಗಿ ಅಲ್ಲಿ ಅಡುಗೆಯ ಅನಿಲಕ್ಕೂ ಹಾಹಾಕಾರವಾಯಿತು. ಭಾರತವೇ ತಡೆಯಿತೆಂದು ನೇಪಾಳ, ಇಲ್ಲವೆಂದು ಭಾರತ. ನಿಜ ಯಾವುದಾದರೂ ಆಗಲಿ, ಅಂಥ ಅನುಮಾನಕ್ಕೆ ಎಡೆಯಿರುವಷ್ಟು ದಿನ ದೊಡ್ಡವನ ಮಾತಿಗೆ ಬೆಲೆ ಕಡಿಮೆಯೇ.

ಅದೇ ನೇಪಾಳವು 2024ರ ಅಕ್ಟೋಬರದಲ್ಲಿ ಭಾರತ, ಬಾಂಗ್ಲಾದೇಶಗಳೊಡನೆ ಕುಳಿತು, ತನ್ನ ಹೊಳೆಗಳ ವಿದ್ಯುತ್ತಿನಲ್ಲಿ 40 ಮೆಗಾವಾಟನ್ನು ಬಾಂಗ್ಲಾದೇಶಕ್ಕೆ ಮಾರುವ ಒಪ್ಪಂದ ಮಾಡಿಕೊಂಡಿತು. ಆ ಆಗಸ್ಟ್ ತಿಂಗಳಲ್ಲಷ್ಟೇ ಢಾಕಾದಲ್ಲಿ ಸರಕಾರ ಉರುಳಿ, ದಿಲ್ಲಿಗೂ ಢಾಕಾಕ್ಕೂ ಮನಸ್ಸು ಮುರಿದಿತ್ತು. ಆದರೂ ಸಹಿ ಬಿದ್ದಿತು. ನವೆಂಬರದಲ್ಲಿ ಮೊದಲ ಸಲ ವಿದ್ಯುತ್ತು ಹರಿಯಿತು. ಒಬ್ಬರ ನೀರು, ಇನ್ನೊಬ್ಬರ ದೀಪ, ನಡುವಿನ ತಂತಿ ನಮ್ಮದು. ಮುಂದಿನ ಸಲ ಆ ಹುಡುಗ ಕೇಳಿದರೆ ನಕಾಶೆಯನ್ನು ಬಿಚ್ಚಿ ಈ ತಂತಿಯ ದಾರಿಯನ್ನು ಬೆರಳಿನಿಂದ ತೋರಿಸಬೇಕೆಂದಿದ್ದೇನೆ.